ಎರಡು ಹಳೇ ಚರ್ಚು, ಎರಡು ಬಗೆಯ ನಾದ

ಲಂಡನ್ನಿನಲ್ಲಿ ಚರ್ಚಾಗಿದ್ದು ಆಮೇಲೆ ಸಂಗೀತ ಸಭಾಂಗಣವಾದ ಜಾಗಗಳ ಪೈಕಿ ನಾನು ಜಾಸ್ತಿ ಕೂತು ಕೇಳಿರುವುದು ಎರಡರಲ್ಲಿ. ಸ್ಮಿತ್ ಸ್ಕ್ವೇರಿನ ಸೇಂಟ್ ಜಾನ್ಸ್, ಓಲ್ಡ್ ಸ್ಟ್ರೀಟಿನ ಸೇಂಟ್ ಲ್ಯೂಕ್ಸ್. ಎರಡೂ 18ನೇ ಶತಮಾನದವು, ಎರಡೂ ಎಷ್ಟೋ ವರ್ಷ ಪಾಳುಬಿದ್ದಿದ್ದವು. ಆದರೆ ಕಣ್ಣು ಮುಚ್ಚಿ ಕೂತರೆ ಒಂದರಂತೆ ಇನ್ನೊಂದಿಲ್ಲ.

ಸೇಂಟ್ ಜಾನ್ಸ್ ಅನ್ನು ಕಟ್ಟಿದ್ದು ವಾಸ್ತುಶಿಲ್ಪಿ ಥಾಮಸ್ ಆರ್ಚರ್, 1728ರಲ್ಲಿ ಮುಗಿಯಿತು. 1941ರಲ್ಲಿ ಬಾಂಬ್ ಬಿದ್ದು ಒಳಗೆಲ್ಲ ಸುಟ್ಟುಹೋಯಿತು. ಮೊದಲಿದ್ದ ಹಾಗೆಯೇ ಕಟ್ಟಿ, 1969ರಲ್ಲಿ ಸಂಗೀತಕ್ಕೆ ತೆರೆದರು. ಬಿಳಿ ಗೋಡೆ, ದಪ್ಪ ಕಂಬಗಳು, ಎತ್ತರದ ಚಾವಣಿ. ಹಾಡುವವರಿಗೆ ಹೇಳಿ ಮಾಡಿಸಿದ ಜಾಗ. ನಾನು ಹೋದ ದಿನ ಗಾಯಕವೃಂದ ಹಾಡು ನಿಲ್ಲಿಸಿದ ಮೇಲೂ ದನಿ ಮೇಲೆಲ್ಲೋ ಸುಳಿಯುತ್ತಿತ್ತು. ಅದು ಕರಗುವ ತನಕ ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಿಯಾನೋ ಕೇಳಿದಾಗ ಮಾತ್ರ ಹಾಗೆ ಸುಳಿಯುವ ದನಿಯೇ ತೊಡಕಾಯಿತು. ವೇಗದ ಸ್ವರಗಳು ಒಂದಕ್ಕೊಂದು ಅಂಟಿಕೊಂಡವು. ಬದಿಯ ಸೀಟು ಸಿಕ್ಕರೆ ಕಂಬ ಅಡ್ಡ ಬರುತ್ತದೆ, ನೋಡಿಕೊಂಡು ಟಿಕೆಟ್ ತಗೊಳ್ಳಿ.

ಸೇಂಟ್ ಲ್ಯೂಕ್ಸ್ ಕತೆ ಬೇರೆ. 1733ರ ಕಟ್ಟಡ, ವಾಸ್ತುಶಿಲ್ಪಿಗಳಾದ ಜಾನ್ ಜೇಮ್ಸ್ ಮತ್ತು ಹಾಕ್ಸ್‌ಮೂರ್ ಸೇರಿ ಮಾಡಿದ್ದು. ನೆಲ ಕುಸಿದು, 1959ರಲ್ಲಿ ಚರ್ಚು ಮುಚ್ಚಿತು, ಚಾವಣಿಯನ್ನೂ ಇಳಿಸಿದರು. 2003ರಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಅದನ್ನು ತನ್ನ ಸಂಗೀತ ಕಲಿಕೆಯ ಕೇಂದ್ರವಾಗಿ ತೆರೆಯಿತು. ಆ ಕೆಲಸಕ್ಕಾಗಿ ಅಲ್ಲಿ ಹೂತಿದ್ದ ಸಾವಿರಕ್ಕೂ ಹೆಚ್ಚು ಜನರ ಅವಶೇಷಗಳನ್ನು ತೆಗೆದು ಬೇರೆಡೆ ಸಾಗಿಸಬೇಕಾಯಿತು. ಒಳಗಿನ ಗೋಡೆಗೆ ಗಿಲಾವು ಮಾಡಲಿಲ್ಲ. ಇಟ್ಟಿಗೆ ಹಾಗೇ ಬರಿದಾಗಿದೆ. ಮರದ ಕೊಂಬೆಗಳಂತೆ ಕವಲೊಡೆದ ಉಕ್ಕಿನ ಕಂಬಗಳು ಹೊಸ ಚಾವಣಿಯನ್ನು ಹೊತ್ತಿವೆ.

ಇಲ್ಲಿ ನಾನು ಕೇಳಿದ್ದು ತಂತಿವಾದ್ಯಗಳ ನಾಲ್ವರ ತಂಡ. ಶುರುವಿಗೆ ಮುಂಚೆ ಮೊದಲ ಪಿಟೀಲಿನವರು ಉಸಿರೆಳೆದುಕೊಂಡದ್ದು ಕೇಳಿಸಿತು. ದೊಡ್ಡ ಪಿಟೀಲಿನಂಥ ಚೆಲ್ಲೋದ ಕಮಾನು ದಿಕ್ಕು ಬದಲಿಸುವಾಗ ತಂತಿ ಕೆರೆದ ಸಣ್ಣ ಸದ್ದೂ ಕಿವಿಗೆ ಬಿತ್ತು. ಇಲ್ಲಿ ದನಿ ಹೀರುವ ಪರದೆಗಳಿವೆ. ಒಮ್ಮೆ ತಾಲೀಮಿನಲ್ಲಿ ಒಂದೇ ಸಾಲನ್ನು ಪರದೆ ಇಳಿಸಿ ನುಡಿಸಿದರು, ಮತ್ತೆ ಸರಿಸಿ ನುಡಿಸಿದರು. ಇಳಿಸಿದಾಗ ಸ್ವರಗಳು ಬಿಡಿಬಿಡಿ, ಸರಿಸಿದ ಕೂಡಲೇ ಅವಕ್ಕೆ ಬಾಲ ಬಂತು. ಬರೀ ಇಟ್ಟಿಗೆಯ ಕೋಣೆಯಲ್ಲಿ ಬಟ್ಟೆ ಇಷ್ಟು ಕೆಲಸ ಮಾಡುತ್ತದೆ ಅಂತ ಅವತ್ತೇ ಗೊತ್ತಾಗಿದ್ದು.

ಕೋರಸ್ ಕೇಳೋದಾದರೆ ಕಣ್ಣು ಮುಚ್ಚಿ ಸೇಂಟ್ ಜಾನ್ಸ್‌ಗೆ ಹೋಗಿ. ಪಿಟೀಲು, ಪಿಯಾನೋ ಅಂದರೆ ಸೇಂಟ್ ಲ್ಯೂಕ್ಸ್. ಒಂದೇ ಆರಿಸು ಅಂದರೆ ನನಗೆ ಸೇಂಟ್ ಲ್ಯೂಕ್ಸೇ ಸಾಕು. ಮೇಲಿನ ಗ್ಯಾಲರಿಯಲ್ಲಿ ಕೂತು ಎದುರಿನ ಇಟ್ಟಿಗೆ ಗೋಡೆ ನೋಡುತ್ತಾ ಕೇಳಿ.