ಎಬಿಎಸ್ ಇರುವ ಕಾರು: ಬ್ರೇಕ್ ಒತ್ತಿದ ಮೇಲೆ ಕಾಲು ತೆಗೆಯಬೇಡಿ

ನಮ್ಮದು 2019ರಲ್ಲಿ ತಗೊಂಡ ಸಣ್ಣ ಪೆಟ್ರೋಲ್ ಕಾರು, ಮ್ಯಾನುಯಲ್ ಗೇರ್. ಕೆಲಸಕ್ಕೆ ದಾವಣಗೆರೆ–ಚಿತ್ರದುರ್ಗ ಹೈವೇಯಲ್ಲಿ ಓಡಾಟ, ರಜೆ ಬಂದರೆ ಚನ್ನಗಿರಿ ಕಡೆ ಊರಿಗೆ. ಮೈಲೇಜು, ಸೀಟು, ಎಸಿ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಬ್ರೇಕ್ ಬಗ್ಗೆ ಮಾತ್ರ. ಕಂಪನಿ ಹೆಸರು ಬೇಕಾಗಿಲ್ಲ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಜಾಮ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಕಡ್ಡಾಯ, ಹಾಗಾಗಿ ನಿಮ್ಮದು ಅದಾದ ಮೇಲಿನ ಕಾರಾದರೆ ಈ ಮಾತು ಅದಕ್ಕೂ ಹೊಂದುತ್ತದೆ.

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಗಾಬರಿ ಹೊತ್ತಲ್ಲಿ ನಿಲ್ಲಿಸಬೇಕು ಅಂದರೆ ಬ್ರೇಕ್ ಮತ್ತು ಕ್ಲಚ್ ಎರಡನ್ನೂ ಒಟ್ಟಿಗೆ ಒತ್ತಿ. ಬ್ರೇಕನ್ನು ಪೂರ್ತಿ ಜೋರಾಗಿ ಒತ್ತಿ. ಕಾರು ನಿಲ್ಲುವ ತನಕ ಕಾಲು ತೆಗೆಯಬೇಡಿ. ಕಣ್ಣು ಎದುರಿಗಿರುವ ವಸ್ತುವಿನ ಮೇಲಲ್ಲ, ಖಾಲಿ ಜಾಗದ ಕಡೆ ಇರಲಿ. ಸ್ಟೀರಿಂಗೂ ಆ ಕಡೆಗೇ.

ನಮ್ಮ ದೊಡ್ಡಪ್ಪ ಲಾರಿ ಓಡಿಸಿದವರು. ಪಕ್ಕದಲ್ಲಿ ಕೂತಾಗಲೆಲ್ಲ ಅವರದು ಒಂದೇ ಮಾತು: "ಒಮ್ಮೆಗೇ ಒತ್ತಬ್ಯಾಡಪ್ಪಾ, ಬಿಟ್ಟು ಬಿಟ್ಟು ಒತ್ತು." ಅವರ ಕಾಲದ ಗಾಡಿಗೆ ಅದೇ ಸರಿ. ಜೋರಾಗಿ ಒತ್ತಿದರೆ ಚಕ್ರ ಜಾಮ್ ಆಗಿ ಗಾಡಿ ಜಾರುತ್ತಿತ್ತು. ಸ್ಟೀರಿಂಗ್ ಎತ್ತ ತಿರುಗಿಸಿದರೂ ಗಾಡಿ ಹೋದ ದಾರಿಯೇ ದಾರಿ. ಈಗ ಆ ಬಿಟ್ಟು ಬಿಟ್ಟು ಒತ್ತುವ ಕೆಲಸವನ್ನು ಎಬಿಎಸ್ ಮಾಡುತ್ತದೆ. ಚಕ್ರಗಳ ಹತ್ತಿರ ಇರುವ ಸೆನ್ಸರ್ ವೇಗ ನೋಡುತ್ತಲೇ ಇರುತ್ತದೆ. ಯಾವುದಾದರೂ ಚಕ್ರ ಜಾಮ್ ಆಗುವ ಹಾಗಾದರೆ ಅಲ್ಲಿಯ ಬ್ರೇಕ್ ಒತ್ತಡ ಇಳಿಸುತ್ತದೆ, ಮತ್ತೆ ಏರಿಸುತ್ತದೆ. ಒಂದು ಸೆಕೆಂಡಿನಲ್ಲಿ ಎಷ್ಟೋ ಸಲ. ನಮ್ಮ ಕಾಲಿಗೆ ಆ ವೇಗ ಎಲ್ಲಿಂದ ಬರಬೇಕು? ನಾವು ಮಧ್ಯೆ ಕಾಲೆತ್ತಿದರೆ ಬ್ರೇಕೇ ಇಲ್ಲದ ಹಾಗೆ ಕಾರು ಅಷ್ಟು ದೂರ ಓಡಿಬಿಡುತ್ತದೆ. ಇದನ್ನು ಕಾರಿನ ಜೊತೆ ಬಂದ ಪುಸ್ತಕ ತೆಗೆದು ತೋರಿಸಿದಾಗ ದೊಡ್ಡಪ್ಪನೂ ಒಪ್ಪಿದರು.

ಗೊತ್ತಿದ್ದರೂ ಜನ ಕಾಲೆತ್ತುವುದು ಯಾಕೆ ಅಂದರೆ, ಪೆಡಲ್ ಒದೆಯುತ್ತದೆ. ಹೋದ ಮಳೆಗಾಲದಲ್ಲಿ ಭರಮಸಾಗರ ದಾಟಿ ಬರುತ್ತಿದ್ದೆ. ಸಂಜೆ ಹೊತ್ತು, ಜಿಟಿಜಿಟಿ ಮಳೆ. ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಒಂದು ಪಕ್ಕದಿಂದ ಸೀದಾ ನನ್ನ ಲೇನಿಗೇ ಬಂತು. ಎರಡೂ ಕಾಲು ಒಟ್ಟಿಗೆ ಒತ್ತಿದೆ. ಕಾಲಡಿ ಪೆಡಲ್ ಗಡಗಡ ನಡುಗಿತು, ಓಡುತ್ತಿರುವ ಹಿಟ್ಟಿನ ಗಿರಣಿಗೆ ಕಾಲು ಕೊಟ್ಟ ಹಾಗೆ. ಬಾನೆಟ್ ಒಳಗಿಂದ ಗರಗರ ಸದ್ದು. ಏನೋ ಮುರಿಯಿತು ಅನ್ನಿಸುವಷ್ಟು ಸದ್ದು ಅದು. ಆದರೆ ಆ ನಡುಕದಲ್ಲೇ ಸ್ಟೀರಿಂಗ್ ಸ್ವಲ್ಪ ಎಡಕ್ಕೆ ಎಳೆದರೆ ಕಾರು ಮಾತು ಕೇಳಿತು. ಟ್ರೇಲರ್ ಪಕ್ಕದಲ್ಲಿ, ಬಿಳಿ ಗೆರೆಯ ಆಚೆ ಹೋಗಿ ನಿಂತಿತು. ಎಬಿಎಸ್‌ಗೆ ನಾವು ಕೊಟ್ಟ ದುಡ್ಡು ಇದಕ್ಕೇ. ಬ್ರೇಕ್ ಒತ್ತಿಕೊಂಡೇ ಪಕ್ಕಕ್ಕೆ ಸರಿಯಬಹುದು.

ಆ ನಡುಕ ಮೊದಲೇ ಕಾಲಿಗೆ ಗೊತ್ತಿದ್ದರೆ ಹೆದರಿಕೆ ಆಗುವುದಿಲ್ಲ. ಅದಕ್ಕೇ ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ ಅಭ್ಯಾಸ ಮಾಡಿಸಿದ್ದೇನೆ. ಊರಾಚೆ ಹೊಸ ಲೇಔಟ್ ರಸ್ತೆ, ಬೆಳಗಿನ ಹೊತ್ತು, ಮಳೆ ಬಂದು ನಿಂತ ಮೇಲೆ. ಹಿಂದೆ ಮುಂದೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, 40ರ ವೇಗದಲ್ಲಿ ಒಮ್ಮೆಗೇ ಪೂರ್ತಿ ಬ್ರೇಕ್. ನನ್ನ ಹೆಂಡತಿ ಮೊದಲ ಸಲ ಪೆಡಲ್ ನಡುಗಿದ ಕೂಡಲೇ ಕಾಲೆತ್ತಿದಳು. ಆಮೇಲೆ "ಇಷ್ಟೇನಾ!" ಅಂತ ತಾನೇ ಮತ್ತೆ ಮತ್ತೆ ಮಾಡಿದಳು. ಡ್ರೈವಿಂಗ್ ಸ್ಕೂಲಿನವರು ಇದನ್ನೊಂದು ಕಲಿಸಬೇಕು ಅಂತ ನನಗೆ ಬಹಳ ಅನ್ನಿಸುತ್ತದೆ.

ಇನ್ನು ಎಬಿಎಸ್ ಕೈಲಿ ಆಗದ್ದು. ನಮ್ಮ ಕಡೆ ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಅರ್ಧ ರಸ್ತೆಗೆ ಕಾಳು ಹರವಿರುತ್ತಾರೆ, ಅಲ್ವಾ? ಕಣ ಇಲ್ಲದ ರೈತರು ಎಲ್ಲಿಗೆ ಹೋಗಬೇಕು, ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಆದರೆ ಆ ಕಾಳಿನ ಮೇಲೆ ಬ್ರೇಕ್ ಒತ್ತಿದರೆ ಕಾರು ನಿಲ್ಲಲು ಜಾಸ್ತಿ ದೂರ ತಗೊಳ್ಳುತ್ತದೆ. ಜಲ್ಲಿ, ಮರಳಿನ ಮೇಲೂ ಅಷ್ಟೇ. ಜಾಮ್ ಆದ ಚಕ್ರ ಮುಂದೆ ರಾಶಿ ಒಟ್ಟಿಕೊಂಡು ನಿಲ್ಲುತ್ತದೆ, ಎಬಿಎಸ್ ಚಕ್ರವನ್ನು ಉರುಳಲು ಬಿಡುವುದರಿಂದ ಆ ರಾಶಿ ಆಗುವುದೇ ಇಲ್ಲ. ಕಾಳು ಕಂಡ ಕೂಡಲೇ ವೇಗ ಇಳಿಸಿಬಿಡಿ. ಗುಂಡಿ ರಸ್ತೆಯಲ್ಲಿ ಚಕ್ರ ಹಾರಿದಾಗಲೂ ಒಂದು ಕ್ಷಣ ಬ್ರೇಕ್ ಸಡಿಲ ಆದ ಹಾಗೆ ಅನ್ನಿಸುತ್ತದೆ. ಆಗಲೂ ಕಾಲು ಒತ್ತಿಯೇ ಇರಲಿ.

ವೇಗದ ಲೆಕ್ಕವನ್ನೂ ಅದು ಬದಲಿಸುವುದಿಲ್ಲ. 80ರಲ್ಲಿ ಹೋಗುವಾಗ ಸೆಕೆಂಡಿಗೆ 22 ಮೀಟರ್ ದಾಟುತ್ತೇವೆ. ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ಅಲ್ಲಿಂದಾಚೆ ನಿಲ್ಲಲು ಬೇಕಾದ ದೂರ 40ರಲ್ಲಿ ಬೇಕಾದದ್ದರ ನಾಲ್ಕು ಪಟ್ಟು. ಟೈರ್ ಸವೆದಿದ್ದರೆ ಇನ್ನೂ ಜಾಸ್ತಿ. ನಮ್ಮ ಕಾರಿಗೆ ಹೊಸ ಟೈರ್ ಹಾಕಿಸಿದ ಮೇಲೆ ಒದ್ದೆ ರಸ್ತೆಯಲ್ಲೂ ಎಬಿಎಸ್ ಅಷ್ಟು ಬೇಗ ಶುರುವಾಗುವುದಿಲ್ಲ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇವೆ, ಅದು ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ.

ಇಷ್ಟು ವರ್ಷದಲ್ಲಿ ಬಂದ ತೊಂದರೆ ಒಂದೇ. ಗದ್ದೆ ದಾರಿಯಲ್ಲಿ ಓಡಾಡಿ ಬಂದ ಮೇಲೆ ಎಬಿಎಸ್‌ನ ಹಳದಿ ದೀಪ ಹತ್ತಿಕೊಂಡಿತು. ಒಂದು ಗ್ಯಾರೇಜಿನವರು ಪೂರ್ತಿ ಯೂನಿಟ್ಟೇ ಬದಲಿಸಬೇಕು ಅಂದರು. ಇನ್ನೊಬ್ಬ ಮೆಕ್ಯಾನಿಕ್ ಚಕ್ರ ಬಿಚ್ಚಿ, ಸೆನ್ಸರಿಗೆ ಮೆತ್ತಿದ್ದ ಕೆಸರು ಒರೆಸಿ, ಕನೆಕ್ಟರ್ ಕ್ಲೀನ್ ಮಾಡಿ ಕೊಟ್ಟರು. ದೀಪ ಹೋಯಿತು. ಹಳದಿ ದೀಪ ಮಾತ್ರ ಇದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ, ಆದರೆ ಚಕ್ರ ಜಾಮ್ ಆಗಬಹುದು, ಆಗ ದೊಡ್ಡಪ್ಪನ ಪಾಠವೇ ಗತಿ. ಜೊತೆಗೆ ಬ್ರೇಕಿನ ಕೆಂಪು ದೀಪವೂ ಹತ್ತಿದರೆ ಗಾಡಿ ಪಕ್ಕಕ್ಕೆ ಹಾಕಿ, ಓಡಿಸಬೇಡಿ.

ಸೆಕೆಂಡ್ ಹ್ಯಾಂಡ್ ಕಾರು ನೋಡುವವರು ಕೀ ತಿರುಗಿಸಿದಾಗ ಈ ಹಳದಿ ದೀಪವನ್ನೇ ಗಮನಿಸಿ. ಹತ್ತಬೇಕು, ಕೆಲವು ಸೆಕೆಂಡಲ್ಲಿ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ದೀಪವನ್ನೇ ತೆಗೆದಿರಬಹುದು. ಮೆಕ್ಯಾನಿಕ್‌ಗೆ ತೋರಿಸದೆ ಅಡ್ವಾನ್ಸ್ ಕೊಡಬೇಡಿ.