ತ್ರಿಪದಿಯ ಹೆಜ್ಜೆ ಉಳಿಸಿಕೊಟ್ಟ ಬೈಂಡಿಂಗ್ ಅಂಗಡಿ

ಶಿವಮೊಗ್ಗದ ಹಳೇ ಪೇಟೆಯ ಸಂದಿಯೊಂದರಲ್ಲಿ ಬೋರ್ಡೇ ಇಲ್ಲದ ಬೈಂಡಿಂಗ್ ಅಂಗಡಿಯೊಂದಿದೆ. ಬಾಗಿಲ ಪಕ್ಕ ರಟ್ಟಿನ ರಾಶಿ, ಒಳಗೊಂದು ಕಟಿಂಗ್ ಮಷಿನ್, ಮೈದಾ ಅಂಟಿನ ಹುಳಿ ವಾಸನೆ, ಗುರುತು ಇಷ್ಟೇ. ದೊಡ್ಡಪ್ಪನ ಕಿಟ್ಟೆಲ್ ನಿಘಂಟನ್ನು ಅಲ್ಲಿ ಕೊಟ್ಟು ಮಾಡಿಸಿಕೊಂಡೆ. ಹಳೇ ಪುಸ್ತಕ ಇಟ್ಟುಕೊಂಡು ಪರದಾಡುವವರಿಗೆ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ಬೇರೆ ಊರಿನ ಒಂದು ಅಂಗಡಿಯಲ್ಲಿ ಕೈ ಸುಟ್ಟುಕೊಂಡಿದ್ದೆ. ಹೆಸರು ಬೇಡ. ಕೇಶಿರಾಜನ ಹಳಗನ್ನಡ ವ್ಯಾಕರಣ ಶಬ್ದಮಣಿದರ್ಪಣ ಕೊಟ್ಟಿದ್ದೆ. ಅಂಚು ನೀಟಾಗಲಿ ಅಂತ ಮೂರೂ ಕಡೆ ಮಷಿನ್‌ಗೆ ಹಾಕಿ ಕತ್ತರಿಸಿಬಿಟ್ಟಿದ್ದರು. ದೊಡ್ಡಪ್ಪ ಅಂಚಿನ ತುಂಬಾ ಪೆನ್ಸಿಲ್‌ನಲ್ಲಿ ಟಿಪ್ಪಣಿ ಬರೆದವರು. ಒಂದು ಕಡೆ ‘ಇದು ಸರಿಯಲ್ಲ’ ಅಂತ ಇದ್ದದ್ದು ಈಗ ‘ಇದು ಸರಿ’ ಅಂತ ಉಳಿದಿದೆ. ನಲವತ್ತು ವರ್ಷದ ತಕರಾರು ಒಂದು ಬ್ಲೇಡಿನಲ್ಲಿ ರಾಜಿಯಾಗಿ ಹೋಯ್ತು.

ದೊಡ್ಡಪ್ಪ ಸಾಗರದಲ್ಲಿ ಹೈಸ್ಕೂಲು ಕನ್ನಡ ಪಂಡಿತರು. ಅಚ್ಚಾದದ್ದು ಊರಿನ ಹೆಸರುಗಳ ಮೇಲೆ ಒಂದು ತೆಳ್ಳನೆಯ ಪುಸ್ತಕ, ವಾರಪತ್ರಿಕೆಗೆ ಬರೆದ ಒಂದಷ್ಟು ಲೇಖನ. ಮಿಕ್ಕಿದ್ದೆಲ್ಲ ಹನ್ನೆರಡು ನೋಟ್‌ಬುಕ್ಕಿನಲ್ಲೇ ಇದೆ. ಬೆಕ್ಕುಗಳಿಗೆ ಮಾತ್ರ ಲೆಕ್ಕವಿರಲಿಲ್ಲ. ಎಲ್ಲಕ್ಕೂ ಛಂದಸ್ಸಿನ ಹೆಸರು. ರಾತ್ರಿಯಿಡೀ ಕೂಗುತ್ತಿದ್ದದ್ದು ರಗಳೆ. ಮಡಿಲು ಬಿಟ್ಟು ಇಳಿಯದ ಮರಿ ಕಂದ. ಅಡಕೆ ತೋಟದಲ್ಲಿ ಯಾರೋ ಮೊಲಕ್ಕೆ ಒಡ್ಡಿದ ಉರುಳಿಗೆ ಸಿಕ್ಕಿ ಒಂದು ಕಾಲು ಕಳಕೊಂಡದ್ದು ತ್ರಿಪದಿ. ‘ಪಾಪ’ ಅಂದವರಿಗೆ ದೊಡ್ಡಪ್ಪ, “ಕಪ್ಪೆ ಅರಭಟ್ಟನ ಶಾಸನದಿಂದ ಸರ್ವಜ್ಞನವರೆಗೆ ಮೂರೇ ಕಾಲಲ್ಲಿ ನಡೆದು ಬಂದಿದೆ, ಇದಕ್ಕೇನು ಧಾಡಿ?” ಅನ್ನುತ್ತಿದ್ದರು.

ನಮ್ಮ ಕೇರಿಯಲ್ಲಿ ಮೀನು ಅಂದರೆ ಮೂಗು ಮುಚ್ಚಿಕೊಳ್ಳುವವರೇ. ದೊಡ್ಡಪ್ಪ ಸಂತೆಯ ದಿನ ಸೈಕಲ್ ಹತ್ತಿ, ಹ್ಯಾಂಡಲ್ಲಿಗೆ ಕಪ್ಪು ಚೀಲ ನೇತುಹಾಕಿಕೊಂಡು ಹೋಗಿ ಒಣಮೀನು ತರುತ್ತಿದ್ದರು. ಕೊಟ್ಟಿಗೆ ಹಿಂದೆ ಮೂರು ಕಲ್ಲಿಟ್ಟು, ಹಳೇ ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಯಿಸಿ, ಅನ್ನಕ್ಕೆ ಕಲಸಿ, ತಣ್ಣೀರಲ್ಲಿ ಸ್ನಾನ ಮಾಡಿಯೇ ಒಳಗೆ ಬರಬೇಕು. ಶಾಲೆಯ ಹುಡುಗರನ್ನು ಕಳಿಸಬಾರದಾ ಅಂತ ನಾನೊಮ್ಮೆ ಕೇಳಿದ್ದೆ. “ನೋಡೇ ಕೂಸೆ, 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ನೇ ತನ್ನ ಬೆಕ್ಕು ಹಾಜ್‌ಗೆ ತಾನೇ ಹೋಗಿ ಆಯ್‌ಸ್ಟರ್ ಚಿಪ್ಪುಮೀನು ತರ್ತಿದ್ದ. ಆಳನ್ನು ಕಳಿಸಿದ್ರೆ ಅವನಿಗೆ ಬೆಕ್ಕಿನ ಮೇಲೆ ಸಿಟ್ಟು ಬರ್ತದೆ ಅಂತ” ಅಂದರು. ಒಳಗಿಂದ ದೊಡ್ಡಮ್ಮ, “ಜಾನ್ಸನ್ನಿಗೆ ಮಡಿ ಇತ್ತಾ ಕೇಳೇ” ಅಂದಿದ್ದರು.

ಅಂಗಡಿಗೆ ಬರೋಣ. ಫರ್ಡಿನೆಂಡ್ ಕಿಟ್ಟೆಲ್ ಮಾಡಿದ, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದ ನಿಘಂಟಿನ ಮರುಮುದ್ರಣ ನಮ್ಮ ಹತ್ತಿರ ಇರೋದು. ಸುಮಾರು 70,000 ಶಬ್ದ, 1,700ಕ್ಕೂ ಮಿಕ್ಕಿದ ಪುಟ, ಒಂದೇ ಸಂಪುಟ. ಅರ್ಧ ಬಳಸಿ, ಅರ್ಧ ಬೆಕ್ಕು ಪರಚಿ ಬೆನ್ನು ಕಿತ್ತುಹೋಗಿತ್ತು. ಯಜಮಾನರು ಕನ್ನಡಕ ಏರಿಸಿ ಒಂದೊಂದೇ ಹಾಳೆ ಮಗುಚಿದರು. ‘ಬೆಕ್ಕು’ ಇರುವ ಪುಟದಲ್ಲಿ ನಿಂತರು. ಅಂಚಿನಲ್ಲಿ ದೊಡ್ಡಪ್ಪನ ಅಕ್ಷರ: ‘ಹಳಗನ್ನಡ ಬೆರ್ಕು. ಮೈಸೂರು ಕಡೆ ಕೊತ್ತಿ. ತುಳುವರ ಪುಚ್ಚೆ.’ ಯಜಮಾನರು ತಲೆ ಎತ್ತದೆ, “ಬರಹ ಇದೆ. ಕಟಿಂಗ್ ಹಾಕಲ್ಲ. ಅಂಚು ಏರುಪೇರಾಗಿಯೇ ಇರ್ತದೆ, ಆಮೇಲೆ ಕೇಳ್ಬಾರ್ದು” ಅಂದರು. ಆ ಕ್ಷಣಕ್ಕೇ ಪುಸ್ತಕ ಅಲ್ಲೇ ಬಿಟ್ಟು ಬರುವ ಧೈರ್ಯ ಬಂತು.

‘ಪ’ ಅಕ್ಷರದ ಹತ್ತಿರ ಎರಡು ಪುಟದ ಉದ್ದಕ್ಕೂ ನೀಲಿ ಇಂಕಿನಲ್ಲಿ ಹೆಜ್ಜೆ ಗುರುತಿದೆ. ಚೆಲ್ಲಿದ ಇಂಕು ತುಳಿದು ತ್ರಿಪದಿ ಅಡ್ಡ ಹಾದು ಹೋದದ್ದು. “ಇದರ ಜೆರಾಕ್ಸ್ ಬೇರೆ ಕಡೆಯಿಂದ ತಂದ್ರೆ ಹಾಳೆ ಬದಲಾಯಿಸಿ ಕೊಡ್ತೀನಿ ಮೇಡಂ” ಅಂದರು. ಬೇಡ ಅಂದೆ. ಯಾಕೆ ಅಂತ ಕೇಳಲಿಲ್ಲ. ಕೊನೆಯ ಹಾಳೆಗಳನ್ನು ಮೂಸಿ ನೋಡಿ, “ಈ ವಾಸನೆ ಮಾತ್ರ ಹೋಗಲ್ಲ, ಈಗಲೇ ಹೇಳಿಬಿಡ್ತೀನಿ” ಅಂದರು. ಅದು ರಗಳೆಯ ಕೊಡುಗೆ.

ಕೆಲಸ ಗಟ್ಟಿ. ಬರೀ ಗಮ್ ಸುರಿದು ಅಂಟಿಸಿಲ್ಲ; ಫಾರಂ ಫಾರಂ (ಒಟ್ಟಿಗೆ ಮಡಿಚಿದ ಹಾಳೆಗಳ ಕಟ್ಟು) ಬಿಡಿಸಿ, ಹರಿದ ಮಡಿಕೆಗೆ ತೆಳು ಕಾಗದ ಹಚ್ಚಿ, ದಾರದಲ್ಲಿ ಹೊಲಿದಿದ್ದಾರೆ. ಎಲ್ಲಿ ಬಿಚ್ಚಿದರೂ ಮೇಜಿನ ಮೇಲೆ ಅಗಲಕ್ಕೆ ಮಲಗುತ್ತದೆ, ಕೈ ಒತ್ತಿ ಹಿಡಿಯಬೇಕಿಲ್ಲ. ಹುಳ ಬಾರದಿರಲಿ ಅಂತ ಅಂಟಿಗೆ ಮೈಲುತುತ್ತ ಹಾಕಿದ್ದಾರೆ. ಹಾಗಾಗಿ ಮಕ್ಕಳಿರುವ ಮನೆಯಲ್ಲಿ ಪುಸ್ತಕ ನೆಕ್ಕದ ಹಾಗೆ ನೋಡಿಕೊಳ್ಳಿ.

ಒಂದು ಸ್ಟಾರ್ ಕಡಿಮೆ ಕೊಟ್ಟದ್ದಕ್ಕೆ ಕಾರಣ ತಡ. ಎಂಟು ದಿನ ಅಂದವರು ಇಪ್ಪತ್ತಾರು ದಿನ ತೆಗೆದುಕೊಂಡರು. ಫೋನ್ ಎತ್ತಲ್ಲ. ಎರಡು ಸಲ ಬಸ್ಸಿನಲ್ಲಿ ಹೋಗಿ ಸುಮ್ಮನೆ ವಾಪಸ್ ಬಂದೆ. ತಪ್ಪು ನನ್ನದೂ ಇದೆ, ಆಷಾಢದ ಮಳೆಯಲ್ಲಿ ಕೊಟ್ಟಿದ್ದೆ. ಆ ಥಂಡಿಗೆ ಅಂಟು ಒಣಗಬೇಕಲ್ಲ. ನೀವು ಕೊಡುವುದಾದರೆ ದೀಪಾವಳಿ ಕಳೆದ ಮೇಲೆ ಕೊಡಿ. 650 ರೂಪಾಯಿ ಆಯ್ತು. ನಗದೇ ಬೇಕು.

ಇನ್ನೊಂದಿದೆ. ಬೆನ್ನಿನ ಮೇಲೆ ಬಂಗಾರದ ಅಕ್ಷರದಲ್ಲಿ ‘ಕಿಟ್ಟೆಲ್ ನಿಗಂಟು’ ಅಂತ ಹೊಡೆಸಿದ್ದಾರೆ. ಮಹಾಪ್ರಾಣ ಬಿಟ್ಟರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವರ ಪುಸ್ತಕದ ಮೇಲೇ! ತೋರಿಸಿದೆ. ಯಜಮಾನರು ಪಾಪ ಮುಖ ಸಣ್ಣ ಮಾಡಿಕೊಂಡು, ದುಡ್ಡಿಲ್ಲದೆ ಬೇರೆ ಹೊಡೆಸಿಕೊಡ್ತೀನಿ, ಒಂದು ವಾರ ಬಿಡಿ ಅಂದರು. ಆ ವಾರ ಎಷ್ಟು ದಿನದ್ದು ಅಂತ ಗೊತ್ತಿದ್ದರಿಂದ ದೊಡ್ಡಮ್ಮನಿಗೆ ಫೋನ್ ಮಾಡಿದೆ.

“ತಗೊಂಡು ಬಾರೇ. ಅವರಿದ್ದಿದ್ರೆ ತದ್ಭವ ಅಂತ ಇದನ್ನೇ ಇಟ್ಕೊಂಡು ಎರಡು ಪುಟ ಬರೀತಿದ್ರು.”

ತಂದೆ. ದೊಡ್ಡಮ್ಮ ಅದನ್ನು ಕಿಟಕಿ ಪಕ್ಕದ ಮಣೆಯ ಮೇಲೆ, ಮೊದಲಿದ್ದ ಜಾಗದಲ್ಲೇ ಇಟ್ಟರು. ಈಗ ಮನೆಯಲ್ಲಿ ಉಳಿದಿರುವ ಒಂದೇ ಬೆಕ್ಕು ಬಂದು, ಹೊಸ ಕ್ಯಾಲಿಕೋ ಬಟ್ಟೆಯ ಹೊದಿಕೆಯನ್ನು ಒಂದು ಸುತ್ತು ಮೂಸಿ, ಕೊನೆಯ ಹಾಳೆಗಳ ಕಡೆ ಸ್ವಲ್ಪ ಹೆಚ್ಚು ಹೊತ್ತು ಮೂಗಿಟ್ಟು, ಮೇಲೆ ಹತ್ತಿ ಮಲಗಿತು.