ನೀರು ಕಾಯಿಸುವುದು, ನೀರು ಕಾಯುವುದು: ಹಿತ್ತಿಲ ಹಾಟ್ ಟಬ್‌ನೊಂದಿಗೆ ಎರಡು ಚಳಿಗಾಲ

ಅಮೆರಿಕದ ಮಿನ್ನೆಸೊಟಾ ರಾಜ್ಯದ ಮಿನಿಯಾಪೊಲಿಸ್‌ನಲ್ಲಿರುವ ನಮ್ಮ ಮನೆಯ ಹಿತ್ತಿಲಿಗೆ ಹಾಟ್ ಟಬ್, ಅಂದರೆ ಕೆಲವರು ಒಟ್ಟಿಗೆ ಬಿಸಿನೀರಿನಲ್ಲಿ ಕೂರುವ ದೊಡ್ಡ ತೊಟ್ಟಿ, ಬಂದಿಳಿದ ದಿನ ಅಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಊರಿನಿಂದ ಬಂದು ವಾರವೂ ಆಗಿರಲಿಲ್ಲ. ನಾಲ್ಕು ಜನ ಸೇರಿ ಅದನ್ನು ಕಾಂಕ್ರೀಟ್ ಕಟ್ಟೆಯ ಮೇಲೆ ಕೂರಿಸಿ ಹೋದ ಮೇಲೆ ಹೊರಗೆ ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎಂಥದು ಮಾರಾಯ, ಆಲೆಮನೆ ಶುರು ಮಾಡುತ್ತೀಯಾ?" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಕೊಪ್ಪರಿಗೆ.

ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಬೆಳೆದವನಿಗೆ ಬಿಸಿನೀರೆಂದರೆ ಬಚ್ಚಲುಮನೆಯ ತಾಮ್ರದ ಹಂಡೆ. ಮಳೆಗಾಲದಲ್ಲಿ ಹಸಿ ಸೌದೆ ಊದಿ ಊದಿ ಕಣ್ಣು ಕೆಂಪಾಗುತ್ತಿತ್ತು, ಒಣಗಿದ ಅಡಿಕೆ ಸಿಪ್ಪೆ ಹಾಕಿದರೆ ಉರಿ ಏಳುತ್ತಿತ್ತು. ಕೆಲಸವೆಲ್ಲ ಬೆಂಕಿಯದು. ನೀರಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದು ಅಬ್ಬಿಯಿಂದ ಬಂತು, ಮೈಮೇಲೆ ಬಿತ್ತು, ಬಚ್ಚಲ ಹಿಂದಿನ ಬಸಳೆ ಬುಡಕ್ಕೆ ಹೋಯಿತು. ಹಾಟ್ ಟಬ್‌ನಲ್ಲಿ ಇದೆಲ್ಲ ತಿರುಗುಮುರುಗು. ಬೆಂಕಿಯ ಕೆಲಸವನ್ನು ಒಂದು ಗುಂಡಿ ಮಾಡುತ್ತದೆ. ನಮ್ಮ ಪಾಲಿಗೆ ಉಳಿಯುವುದು ಒಂದೇ ನೀರನ್ನು ಮೂರು ತಿಂಗಳು ಕಾಯುವ ಕೆಲಸ. ಅಂಗಡಿಯಲ್ಲಿ ಇದನ್ನು ಯಾರೂ ಹೇಳಲಿಲ್ಲ. ಅವರು ನೀರು ಚಿಮ್ಮಿಸುವ ರಂಧ್ರಗಳು ಎಷ್ಟಿವೆ, ದೀಪ ಎಷ್ಟು ಬಣ್ಣ ಬದಲಿಸುತ್ತದೆ ಎಂಬುದನ್ನೇ ಅರ್ಧ ಗಂಟೆ ಹೇಳಿದರು. ಎರಡು ವರ್ಷದಲ್ಲಿ ದೀಪದ ಬಣ್ಣವನ್ನು ನಾವು ಬದಲಿಸಿದ್ದು ನಾಲ್ಕು ಸಲ ಇರಬಹುದು.

ನಮ್ಮದು ನಾಲ್ಕು ಜನ ಕೂರುವ, 270 ಗ್ಯಾಲನ್ ನೀರು ಹಿಡಿಯುವ ಟಬ್. ಹತ್ತಿರ ಹತ್ತಿರ ಸಾವಿರ ಲೀಟರ್, ಅಂದರೆ ನೀರೊಂದೇ ಒಂದು ಟನ್. ಹಾಗಾಗಿ ಮರದ ಡೆಕ್ಕಿನ ಮೇಲೆ ಇಡುವ ಆಸೆಯನ್ನು ಹೆಂಡತಿ ಮೊದಲೇ ಚಿವುಟಿದ್ದಳು. ಬೆಲೆ 7,500 ಡಾಲರ್. ಕಟ್ಟೆ, ವೈರಿಂಗ್ ಬೇರೆ.

ವೈರಿಂಗ್‌ನಲ್ಲೇ ನಾನು ಎಡವಿದ್ದು. ಈ ಟಬ್ ಮನೆಯ ಮಾಮೂಲಿ 120 ವೋಲ್ಟ್ ಪ್ಲಗ್ಗಿಗೂ ಹೊಂದುತ್ತದೆ, ಎಲೆಕ್ಟ್ರಿಷಿಯನ್ ಬಂದು ಬದಲಿಸಿಕೊಟ್ಟರೆ 240 ವೋಲ್ಟಿಗೂ ಹೊಂದುತ್ತದೆ. "ಸುಮ್ಮನೆ ಪ್ಲಗ್ ಹಾಕಿ, ಸಾಕು" ಎಂದರು ಮಾರಿದವರು. 1,800 ಡಾಲರ್ ಉಳಿಯಿತಲ್ಲ ಎಂದು ನಾನೂ ಹಿಗ್ಗಿದೆ. ಆದರೆ 120 ವೋಲ್ಟಿನಲ್ಲಿ ಹೀಟರಿಗೆ ಸಿಗುವುದು 1 ಕಿಲೊವ್ಯಾಟ್ ಮಾತ್ರ. ಸಾವಿರ ಲೀಟರ್ ನೀರಿನ ಬಿಸಿಯನ್ನು ಒಂದು ಡಿಗ್ರಿ ಏರಿಸಲು ಸುಮಾರು 1.16 ಯೂನಿಟ್ ವಿದ್ಯುತ್ ಬೇಕು. ನಲ್ಲಿಯ ನೀರು 10 ಡಿಗ್ರಿ ಇದ್ದು ನನಗೆ 39 ಬೇಕೆಂದರೆ 34 ಯೂನಿಟ್, ಅಂದರೆ ಪೂರ್ತಿ 34 ಗಂಟೆ. ನಡುವೆ ಸೋರಿಹೋಗುವ ಶಾಖವನ್ನು ಸೇರಿಸಿದರೆ ಎರಡು ಹಗಲು, ಎರಡು ರಾತ್ರಿ. ಮೊದಲ ಸಲ ತುಂಬಿದಾಗ ಗಂಟೆಗೊಮ್ಮೆ ಹೋಗಿ ಮುಚ್ಚಳ ಎತ್ತಿ ಕೈ ಅದ್ದಿ ನೋಡುತ್ತಿದ್ದೆ, ಚಿಕ್ಕಂದಿನಲ್ಲಿ ಹಂಡೆಗೆ ಅದ್ದಿದಂತೆ. ಮುಚ್ಚಳ ಎತ್ತಿದ್ದರಿಂದಲೇ ಇನ್ನೂ ತಡವಾಯಿತು.

ಅದನ್ನಾದರೂ ಸಹಿಸಬಹುದು. ಇನ್ನೊಂದು ಗುಟ್ಟು ಡಿಸೆಂಬರ್‌ನಲ್ಲಿ ತಿಳಿಯಿತು: ಮಾಮೂಲಿ ಪ್ಲಗ್ಗಿನಲ್ಲಿದ್ದಾಗ ಪಂಪ್ ಜೋರಾಗಿ ತಿರುಗತೊಡಗಿದರೆ ಹೀಟರ್ ಆರಿಬಿಡುತ್ತದೆ. ಎರಡನ್ನೂ ಒಟ್ಟಿಗೆ ನಡೆಸುವ ಕರೆಂಟ್ ಆ ಪ್ಲಗ್ಗಿನಲ್ಲಿ ಇಲ್ಲ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ, ಮುಚ್ಚಳ ತೆರೆದಿದೆ, ನೀರು ನೊರೆಯುಕ್ಕುತ್ತಿದೆ, ಹೀಟರ್ ನಿದ್ದೆ ಮಾಡುತ್ತಿದೆ. ಅರ್ಧ ಗಂಟೆಯಲ್ಲಿ ಒಂದೂವರೆ ಡಿಗ್ರಿ ಇಳಿಯಿತು. ಅದನ್ನು ಮರಳಿ ಪಡೆಯಲು ಬೆಳಗಾಯಿತು, ಏಕೆಂದರೆ ಆ ಚಳಿಯಲ್ಲಿ 1 ಕಿಲೊವ್ಯಾಟ್‌ನ ಹೆಚ್ಚಿನ ಪಾಲು ಇದ್ದ ಬಿಸಿಯನ್ನು ಉಳಿಸಿಕೊಳ್ಳುವುದಕ್ಕೇ ಹೋಗುತ್ತದೆ. ಜನವರಿಯಲ್ಲಿ ಸೋತು ಎಲೆಕ್ಟ್ರಿಷಿಯನ್ನನ್ನು ಕರೆಸಿ 240 ವೋಲ್ಟ್ ಹಾಕಿಸಿದೆ. ಉಳಿಸಿದೆನೆಂದುಕೊಂಡಿದ್ದ 1,800 ಕೈಬಿಟ್ಟಿತು. ಈಗ ಹೀಟರ್ 4 ಕಿಲೊವ್ಯಾಟ್, ಪಂಪಿನ ಜೊತೆಗೇ ನಡೆಯುತ್ತದೆ, ಹೊಸ ನೀರು ಒಂಬತ್ತು ಹತ್ತು ಗಂಟೆಯಲ್ಲಿ ಸಿದ್ಧ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರಿಗೆ ಪ್ಲಗ್ಗೇ ಸಾಕಾಗಬಹುದು. ಮಿನ್ನೆಸೊಟಾದಲ್ಲಿ ಸಾಲದು.

ಖರ್ಚು ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಜನವರಿಯಲ್ಲಿ ಸುಮಾರು 450 ಯೂನಿಟ್, ಯೂನಿಟ್ಟಿಗೆ 15 ಸೆಂಟಿನಂತೆ 67 ಡಾಲರ್ ಚಿಲ್ಲರೆ. ಜುಲೈನಲ್ಲಿ ಇದರ ಮೂರನೆಯ ಒಂದು ಪಾಲೂ ಇಲ್ಲ. ವಾರದ ದಿನಗಳಲ್ಲಿ 36ಕ್ಕೆ ಇಳಿಸಿ ಶುಕ್ರವಾರ 39ಕ್ಕೆ ಏರಿಸಿದರೆ ಬಹಳ ಉಳಿಯುತ್ತದೆ ಎಂದುಕೊಂಡಿದ್ದೆ. ಲೆಕ್ಕ ಹಾಕಿದರೆ ನಗು ಬರುತ್ತದೆ. ಹೊರಗೆ ಮೈನಸ್ 15 ಇದ್ದಾಗ ಒಳಗೂ ಹೊರಗೂ ಇರುವ ಅಂತರ 54 ಡಿಗ್ರಿ, ಮೂರು ಇಳಿಸಿದರೆ 51. ಸೋರುವ ಶಾಖ ನೂರಕ್ಕೆ ಐದಾರು ಪಾಲು ಕಡಿಮೆಯಾಯಿತು, ಅಷ್ಟೇ. ತಿಂಗಳಿಗೆ ಎರಡು ಮೂರು ಡಾಲರ್. ಅದಕ್ಕಾಗಿ ಗುರುವಾರ ರಾತ್ರಿ ಸೊಂಟ ನೋಯುವಾಗ ಉಗುರುಬೆಚ್ಚಗಿನ ನೀರಿಗೆ ಇಳಿಯುವುದು ಯಾವ ಜಾಣತನ?

ನಿಜವಾಗಿ ದುಡ್ಡು ಹೋಗುವುದು ಮೇಲಿನಿಂದ, ಹಬೆಯಾಗಿ. ಹಾಗಾಗಿ ಟಬ್ ಕೊಳ್ಳಲು ಹೋದವರು ದೀಪ, ಸ್ಪೀಕರ್ ಬಿಟ್ಟು ಮುಚ್ಚಳವನ್ನು ಎತ್ತಿ ನೋಡಬೇಕು. ಥರ್ಮಾಕೋಲಿನಂಥ ಹಲಗೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ವಿನೈಲ್ ಹೊದಿಕೆ ಹೊಲಿದಿರುತ್ತಾರೆ. ಒಳಗಿನ ಹಾಳೆ ಎಲ್ಲಾದರೂ ಹರಿದರೆ ಹಬೆ ನುಗ್ಗಿ ಹಲಗೆ ನೀರು ಕುಡಿಯುತ್ತದೆ. ಮೊದಲ ವರ್ಷ ಹೆಂಡತಿ ಒಂದೇ ಕೈಯಲ್ಲಿ ಎತ್ತುತ್ತಿದ್ದ ಮುಚ್ಚಳಕ್ಕೆ ಈ ಫೆಬ್ರವರಿಯಲ್ಲಿ ನಾವಿಬ್ಬರೂ ಕೈ ಹಾಕಬೇಕಾಯಿತು. ಅದರ ಮೇಲೆ ಬಿದ್ದ ಹಿಮ ಬೇಗ ಕರಗತೊಡಗಿದ್ದೂ ಅದೇ ಸುದ್ದಿಯನ್ನು ಹೇಳುತ್ತಿತ್ತು. ಎರಡೇ ವರ್ಷಕ್ಕೆ ಮುಚ್ಚಳ ಕೈಕೊಟ್ಟದ್ದು ನನ್ನ ದೊಡ್ಡ ದೂರು. ಹೊಸದಕ್ಕೆ 450 ಡಾಲರ್ ತೆತ್ತೆ.

ಈಗ ನೀರಿನ ವಿಷಯಕ್ಕೆ ಬರೋಣ. ವಾರಕ್ಕೆ ಎರಡು ಸಲ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿ ಬಣ್ಣ ಹೋಲಿಸುತ್ತೇನೆ: ಕ್ರಿಮಿ ಕೊಲ್ಲುವ ಕ್ಲೋರಿನ್ 3ರಿಂದ 5 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಇಷ್ಟು ಪಾಲು), ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ 7.2ರಿಂದ 7.8, ಆ ಪಿಎಚ್ ಏರುಪೇರಾಗದಂತೆ ಹಿಡಿದಿಡುವ ಕ್ಷಾರೀಯತೆ 80ರಿಂದ 120 ಪಿಪಿಎಂ. ಕ್ಷಾರೀಯತೆ ಇಳಿದರೆ ಅಡುಗೆ ಸೋಡಾವೇ ಮದ್ದು, ಅದನ್ನು ದುಬಾರಿ ಡಬ್ಬಿಯಲ್ಲಿ ಬೇರೆ ಹೆಸರಿಟ್ಟು ಮಾರುತ್ತಾರೆ. ಗುಳ್ಳೆಯೆಬ್ಬಿಸಿದಷ್ಟೂ ನೀರಿನಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಮೇಲೇರುತ್ತದೆ, ಏರಿದರೆ ಕ್ಲೋರಿನ್ ಮಂಕಾಗುತ್ತದೆ. ಪಕ್ಕದ ಮನೆಯ ಅಜ್ಜ ಇಪ್ಪತ್ತು ವರ್ಷದಿಂದ ಟಬ್ ಇಟ್ಟುಕೊಂಡವರು. ಅವರು ಕಲಿಸಿದ ಪಾಠ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು: ಕ್ಲೋರಿನ್ ವಾಸನೆ ಮೂಗಿಗೆ ರಾಚಿದರೆ ಕ್ಲೋರಿನ್ ಹೆಚ್ಚಾಗಿದೆ ಎಂದುಕೊಳ್ಳಬಾರದು. ಬೆವರು, ಮೈಕೊಳೆಯ ಜೊತೆ ಸೇರಿ ಬಳಲಿದ ಕ್ಲೋರಿನ್ನಿನ ವಾಸನೆ ಅದು, ಇನ್ನಷ್ಟು ಹಾಕಬೇಕು ಎಂದು ಅರ್ಥ. ನಾನು ಮೊದಲ ತಿಂಗಳೆಲ್ಲ ಉಲ್ಟಾ ಮಾಡಿ, ವಾಸನೆ ಬಂದಾಗಲೆಲ್ಲ ಕಡಿಮೆ ಮಾಡಿದ್ದೆ. ಬೆಚ್ಚಗಿನ ನೀರು ಕ್ರಿಮಿಗಳಿಗೂ ಹಿತವೇ. ಮಗನ ಬೆನ್ನಿನ ಮೇಲೆ ಕೆಂಪು ಗುಳ್ಳೆ ಎದ್ದಾಗ ಬುದ್ಧಿ ಬಂತು.

ಇನ್ನು ಎಣ್ಣೆ. ಮೊದಲ ವರ್ಷದ ದೀಪಾವಳಿ. ನೀರು ತುಂಬುವ ಹಬ್ಬದ ಸಂಜೆ ಅಮ್ಮನಿಗೆ ಕೊಪ್ಪರಿಗೆಯ ಮೇಲೆ ಇದ್ದಕ್ಕಿದ್ದಂತೆ ಮಮತೆ ಹುಟ್ಟಿತು. ಹಿಂಡ್ಲೆಕಾಯಿ ಬಳ್ಳಿ ಇಲ್ಲಿ ಎಲ್ಲಿ ಸಿಗಬೇಕು, ಅಂಗಳದ ಯಾವುದೋ ಬಳ್ಳಿಯನ್ನು ಸುತ್ತಿ, ಹೊರಮೈಗೆ ಕುಂಕುಮ ಇಟ್ಟಳು. ಚೆನ್ನಾಗಿಯೇ ಕಾಣುತ್ತಿತ್ತು. ಮರುದಿನ ಬೆಳಗಿನ ಜಾವ ಮೊಮ್ಮಕ್ಕಳಿಬ್ಬರಿಗೂ ತಲೆಯಿಂದ ಪಾದದವರೆಗೆ ಕೊಬ್ಬರಿ ಎಣ್ಣೆ ತಿಕ್ಕಿದಳು. ನಾನು ಏಳುವಷ್ಟರಲ್ಲಿ ಇಬ್ಬರೂ ಟಬ್ಬಿನೊಳಗೆ ಇದ್ದರು, ಅಜ್ಜಿ ದಂಡೆಯಲ್ಲಿ ಕುಳಿತು ಸೀಗೆಪುಡಿಯ ಬಟ್ಟಲು ಹಿಡಿದಿದ್ದಳು.

ಸೀಗೆಪುಡಿಯನ್ನು ತಡೆದೆ. ಎಣ್ಣೆಯನ್ನು ತಡೆಯಲಾಗಲಿಲ್ಲ. ಪಂಪ್ ಹಾಕಿದರೆ ಹಾಲು ಉಕ್ಕಿದಂತೆ ನೊರೆ. ಅಂಚಿನ ಸುತ್ತ ಜಿಡ್ಡಿನ ಬೂದು ಪಟ್ಟಿ. ಫಿಲ್ಟರನ್ನು ಪೈಪಿನ ನೀರಿನಲ್ಲಿ ತೊಳೆದು ಮತ್ತೆ ಹಾಕಿದೆ, ಸರಿಹೋಯಿತು ಎಂದುಕೊಂಡೆ. ನಾಲ್ಕನೆಯ ರಾತ್ರಿ ಹನ್ನೊಂದಕ್ಕೆ ನೋಡಿದರೆ ಫಲಕದಲ್ಲಿ "ಎಫ್‌ಎಲ್‌ಒ" ಎಂದು, ಅಂದರೆ ನೀರಿನ ಹರಿವಿನಲ್ಲಿ ದೋಷ ಎಂದು, ಮಿನುಗುತ್ತಿದೆ, ನೀರು 31 ಡಿಗ್ರಿಗೆ ಇಳಿದಿದೆ. ಫಿಲ್ಟರಿನ ಮಡಿಕೆಗಳಲ್ಲಿ ಎಣ್ಣೆ ಕೂತು ನೀರಿನ ಹರಿವು ಕಟ್ಟಿತ್ತು. ಹರಿವು ಇಲ್ಲದಿದ್ದರೆ ಹೀಟರ್ ಸುಟ್ಟುಹೋಗದಂತೆ ಯಂತ್ರ ತಾನೇ ಆರಿಸಿಕೊಳ್ಳುತ್ತದೆ. ಆ ಮಟ್ಟಿಗೆ ಅದರ ಬುದ್ಧಿಯನ್ನು ಮೆಚ್ಚಬೇಕು. ಫಿಲ್ಟರ್ ತೆಗೆದಿಟ್ಟು ಚಾಲೂ ಮಾಡಿದರೆ ನಡೆಯಿತು, ದೋಷ ಅಲ್ಲೇ ಎಂದು ಖಾತ್ರಿಯಾಯಿತು. ಜಿಡ್ಡು ಬರಿಯ ನೀರಿಗೆ ಹೋಗುವುದಿಲ್ಲ, ಫಿಲ್ಟರ್ ತೊಳೆಯುವ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಬೇಕು. ಅಂದಿನಿಂದ ಎರಡು ಫಿಲ್ಟರ್ ಇಟ್ಟುಕೊಂಡಿದ್ದೇನೆ, ಒಂದು ನೆನೆಯುವಾಗ ಒಂದು ದುಡಿಯುತ್ತದೆ.

ಈಗಿನ ನಿಯಮ: ಮೊದಲು ಮನೆಯೊಳಗೆ ಸ್ನಾನ, ಆಮೇಲೆ ಟಬ್. ಈಜುಡುಗೆಯನ್ನೂ ಸೋಪಿನ ಪುಡಿ ಹಾಕದೆ ಬರಿಯ ನೀರಿನಲ್ಲಿ ಜಾಲಿಸಬೇಕು, ಬಟ್ಟೆಯಲ್ಲಿ ಉಳಿದ ಸೋಪೂ ನೊರೆಯಾಗುತ್ತದೆ. "ಸ್ನಾನ ಮಾಡಿ ಬಂದು ಸ್ನಾನಕ್ಕೆ ಇಳಿಯುವುದು ಎಲ್ಲಾದರೂ ಉಂಟಾ?" ಎಂದು ಅಮ್ಮ ಕೇಳಿದಳು. ದೇವಸ್ಥಾನದ ಪುಷ್ಕರಣಿಯನ್ನು ನೆನಪಿಸಿದೆ. ಅದಕ್ಕೂ ಇದಕ್ಕೂ ಹೋಲಿಕೆ ಮಾಡಿದ್ದು ಅವಳಿಗೆ ಹಿಡಿಸಲಿಲ್ಲ. ಅವಳಿಗೆ ಇದ್ದ ಮೂಲ ತಕರಾರು ಬೇರೆ: ನಾಲ್ಕು ಜನ ಮುಳುಗೆದ್ದ ನೀರನ್ನು ಚೆಲ್ಲದೆ ಇಡುವುದು. ರಕ್ತದೊತ್ತಡವೂ ಇದ್ದುದರಿಂದ ನಾನು ಒತ್ತಾಯಿಸಲಿಲ್ಲ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹಾಕಿರುವ ಮಿತಿ 40 ಡಿಗ್ರಿ, ಅದು ಆರೋಗ್ಯವಂತರಿಗೆ. ಅಮ್ಮ ಆರು ತಿಂಗಳು ಇದ್ದು ಪಾದ ಮಾತ್ರ ಅದ್ದಿದಳು. ಮಂಡಿನೋವಿಗೆ ಹಿತವಾಯಿತು ಎಂದು ಹೆಂಡತಿಯ ಹತ್ತಿರ ಹೇಳಿದಳಂತೆ, ನನ್ನ ಹತ್ತಿರ ಹೇಳಲಿಲ್ಲ.

ಆ ತಕರಾರಿನಲ್ಲಿ ಸತ್ಯವೂ ಇದೆ. ನಾನು ಬಳಸುವ ಹರಳು ಕ್ಲೋರಿನ್ ತನ್ನ ಜೊತೆಗೆ ಸಯನ್ಯೂರಿಕ್ ಆಮ್ಲವನ್ನು ತರುತ್ತದೆ, ಅದು ಆವಿಯಾಗದೆ ನೀರಿನಲ್ಲೇ ಶೇಖರವಾಗಿ ಕ್ಲೋರಿನ್ನಿನ ಕೈ ಕಟ್ಟುತ್ತಾ ಹೋಗುತ್ತದೆ. ಕಣ್ಣಿಗೆ ಕನ್ನಡಿಯಂತೆ ಕಂಡರೂ ಮೂರು ತಿಂಗಳಿಗೆ ನೀರು ಬದಲಿಸಲೇಬೇಕು. ಖಾಲಿ ಮಾಡುವ ಮುನ್ನ ಪೈಪು ಶುದ್ಧಿಯ ದ್ರಾವಣ ಹಾಕಿ ಪಂಪ್ ಓಡಿಸಿದರೆ ಒಳಗಿನ ಲೋಳೆ ತೇಲಿ ಬರುತ್ತದೆ. ಒಮ್ಮೆ ಅದನ್ನು ನೋಡಿದವರು ಆ ಹೆಜ್ಜೆಯನ್ನು ಮತ್ತೆಂದೂ ಬಿಡುವುದಿಲ್ಲ. ತುಂಬುವಾಗ ಪೈಪನ್ನು ಫಿಲ್ಟರಿನ ಗುಳಿಯೊಳಗೆ ಇಳಿಸಿ ತುಂಬಿಸಿ, ಇಲ್ಲದಿದ್ದರೆ ಕೊಳವೆಯಲ್ಲಿ ಗಾಳಿ ಸಿಕ್ಕಿ ಪಂಪ್ ಬರಿದೇ ತಿರುಗುತ್ತದೆ. ನಾನು ನವೆಂಬರ್ ಮೊದಲ ವಾರ ಬದಲಿಸಿ, ಹಿಮದ ನಡುವೆ ಕೈ ಹಾಕುವ ಪ್ರಸಂಗ ಬಾರದಂತೆ ಮುಂದಿನದನ್ನು ಫೆಬ್ರವರಿಯ ಯಾವುದಾದರೂ ಬೆಚ್ಚಗಿನ ಭಾನುವಾರಕ್ಕೆ ಕಾಯುತ್ತೇನೆ.

ಯಾರು ಕೊಳ್ಳಬಾರದು ಎಂದು ಕೇಳಿದರೆ, ಪ್ರತಿ ಡಿಸೆಂಬರ್ ಐದಾರು ವಾರ ಊರಿಗೆ ಹೋಗುವವರು. ನಮ್ಮವರಲ್ಲಿ ಅಂಥವರೇ ಹೆಚ್ಚು. ಟಬ್ಬಿನ ನೀರು ಬೇಗ ಹೆಪ್ಪುಗಟ್ಟುವುದಿಲ್ಲ, ಅಷ್ಟು ನೀರಿಗೆ ಅದರದ್ದೇ ಬಿಸಿ ಇರುತ್ತದೆ. ಅಪಾಯ ಇರುವುದು ಬೆರಳು ದಪ್ಪದ ಕೊಳವೆಗಳಿಗೆ. ಕರೆಂಟ್ ಹೋಗಿ, ಯಾರೂ ನೋಡದೆ ಅವು ಒಡೆದರೆ ರಿಪೇರಿಯ ಬಿಲ್ಲಿನಲ್ಲಿ ಊರಿನ ಟಿಕೆಟ್ಟು ಬರುತ್ತದೆ. ಕಳೆದ ಸಲ ನಾವು ಹೋದಾಗ ಪಕ್ಕದ ಅಜ್ಜ ದಿನಕ್ಕೊಮ್ಮೆ ಬೇಲಿಯಾಚೆಯಿಂದ ಫಲಕ ನೋಡಿ ಫೋಟೊ ಕಳಿಸುತ್ತಿದ್ದರು. ಅಂಥ ಅಜ್ಜ ಪೆಟ್ಟಿಗೆಯ ಜೊತೆ ಬರುವುದಿಲ್ಲ.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಹೀಟರ್, ಪಂಪ್, ಒಳಗಿನ ನಿರೋಧಕ ಹೊದಿಕೆ ಚೆನ್ನಾಗಿವೆ. ಅರ್ಧ ಅಂಕ ಮುಚ್ಚಳಕ್ಕೆ ಹೋಯಿತು, ಒಂದು ಅಂಕ ಪ್ಲಗ್ಗಿನ ಬಗ್ಗೆ ಬಾಯಿಬಿಡದ ಅಂಗಡಿಗೆ. ಮೈನಸ್ 25ರ ರಾತ್ರಿ ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಕುಳಿತು, ತಲೆಗೂದಲು ಬಿಳಿಯಾಗಿ ಸೆಟೆದು ನಿಂತ ಹೆಂಡತಿಯನ್ನು ನೋಡಿ ನಗುವ ಸುಖಕ್ಕೆ ಅಂಕ ಕೊಡಲು ಹೋಗಿಲ್ಲ.

ಭಾನುವಾರ ಫೋನ್ ಮಾಡಿದರೆ ಅಮ್ಮ ಊಟ ಆಯಿತೇ ಎಂದು ಕೇಳಿದ ಮೇಲೆ ಕೇಳುವ ಎರಡನೆಯ ಮಾತು, "ಆ ನೀರು ಚೆಲ್ಲಿದೆಯಾ?" ಈ ವಾರ ಹೌದು ಎಂದೆ. ಯಾವ ಗಿಡಕ್ಕೆ ಹಾಕಿದೆ ಎಂದು ಕೇಳಿದಳು. ಮುಚ್ಚಳ ತೆರೆದಿಟ್ಟು ಎರಡು ದಿನ ಬಿಟ್ಟು, ಕ್ಲೋರಿನ್ ಸೊನ್ನೆ ಆದ ಮೇಲೆ ಹಿತ್ತಿಲಿಗೆ ಬಿಟ್ಟೆ, ಹಿಮದ ಅಡಿಯಲ್ಲಿ ಯಾವ ಗಿಡ ಇದೆಯೋ ಕಾಣುವುದಿಲ್ಲ ಎಂದೆ.